ಕಣ ಒಂದೇ, ಮೇಲಿನ ಅಂಗಿ ಬೇರೆ

ಕೇಳುಗರಿಗೆಲ್ಲ ನಮಸ್ಕಾರ. ನ್ಯಾನೋ ಕಣಗಳು, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಜೀವಕೋಶಕ್ಕೆ ವಿಷನಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ಬರೀ ಕಣನಾ, ಇಲ್ಲ ಪ್ರೋಟೀನ್ ಮೆತ್ಕೊಂಡಿರೋ ಕಣನಾ?

ಯಾಕಂದ್ರೆ ರಕ್ತದೊಳಗೆ ಹೋದ ಕಣ ಬರಿಮೈಯಲ್ಲಿ ಉಳಿಯೋದು ತೀರಾ ಕಮ್ಮಿ, ನೋಡ್ತಾ ನೋಡ್ತಾ ಪ್ರೋಟೀನ್‌ಗಳು ಬಂದು ಅಂಟ್ಕೊಂಡು ಒಂದು ಅಂಗಿನೇ ಹಾಕ್ಬಿಡ್ತವೆ, ಮೊದ್ಲು ಆಲ್ಬುಮಿನ್ ಥರ ಹೇರಳವಾಗಿರೋವು, ಆಮೇಲೆ ಸಂಖ್ಯೇಲಿ ಕಮ್ಮಿ ಇದ್ರೂ ಹಿಡಿತ ಜಾಸ್ತಿ ಇರೋವು ಬಂದು ಅವನ್ನ ಎಬ್ಬಿಸಿ ಜಾಗ ಹಿಡೀತವೆ. ಇದಕ್ಕೆ ಪ್ರೋಟೀನ್ ಕರೋನಾ ಅಂತಾರೆ. ವೈರಸ್‌ಗೂ ಇದಕ್ಕೂ ಸಂಬಂಧ ಇಲ್ಲ, 2007ರ ಹೊತ್ತಿಗೇ ವಿಜ್ಞಾನಿಗಳು ಈ ಹೆಸರು ಬಳಸ್ತಿದ್ರು.

ಅಂಗಿ ಇದ್ರೆ ವಿಷ ಕಮ್ಮಿ ಅಂತಾನೇ ಸುಮಾರು ಪ್ರಯೋಗಗಳಲ್ಲಿ ಕಂಡಿದೆ. ಸೀರಮ್, ಅಂದ್ರೆ ರಕ್ತದಿಂದ ಸಿಗೋ ಪ್ರೋಟೀನ್ ತುಂಬಿದ ದ್ರವ, ಇಲ್ಲದ ದ್ರಾವಣದಲ್ಲಿ ಸಿಲಿಕಾ ಕಣ ಹಾಕಿದ್ರೆ ಅದು ಕೋಶದ ಪೊರೆಗೇ ಹೋಗಿ ಗಟ್ಟಿಯಾಗಿ ಕಚ್ಕೊಂಡು ಹಾನಿ ಮಾಡುತ್ತೆ, ಸೀರಮ್ ಸೇರಿಸಿದ್ರೆ ಅಂಟೋದೂ ಕಮ್ಮಿ, ಹಾನಿನೂ ಕಮ್ಮಿ. ಗ್ರಾಫೀನ್ ಆಕ್ಸೈಡ್ ಅನ್ನೋ ತೀರಾ ತೆಳು ಕಾರ್ಬನ್ ಹಾಳೆಗಳ ಕಥೆನೂ ಹೆಚ್ಚುಕಮ್ಮಿ ಇದೇ.

ಹಾಗಂತ ನಿಶ್ಚಿಂತೆಯಾಗಿ ಕೂರೋ ಹಾಗಿಲ್ಲ. ಅಮೀನ್ ಅನ್ನೋ ರಾಸಾಯನಿಕ ಗುಂಪು ಕೂರಿಸಿರೋ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕಣ ತಗೊಳ್ಳಿ, ಅದರ ಮೈಮೇಲೆ ಧನ ಆವೇಶ ಇರುತ್ತೆ, ಪ್ರೋಟೀನ್ ಅದನ್ನ ಮುಚ್ಚಿಡುತ್ತೆ, ಕೋಶ ಏನೂ ಆಗದೋರ ಥರ ಅದನ್ನ ನುಂಗುತ್ತೆ. ಕಣ ಹೋಗಿ ಸೇರೋದು ಕೋಶದ ಜೀರ್ಣದ ಚೀಲ ಆಗಿರೋ ಲೈಸೋಸೋಮ್‌ಗೆ, ಅಲ್ಲಿ ಆಮ್ಲ, ಜೊತೆಗೆ ಪ್ರೋಟೀನ್ ಕತ್ತರಿಸೋ ಎನ್‌ಜೈಮ್‌ಗಳು. ಅಂಗಿ ಚೂರು ಚೂರೇ ಜೀರ್ಣ ಆಗಿ ಬರಿಮೈ ಹೊರಗೆ ಬಿತ್ತೋ, ಲೈಸೋಸೋಮ್ ಊದಿ ಒಡೆದು ಒಳಗಿದ್ದದ್ದೆಲ್ಲ ಸೋರಿ ಕೋಶ ಸಾಯುತ್ತೆ. ಪ್ರೋಟೀನ್ ಇಲ್ಲಿ ವಿಷವನ್ನ ತೆಗೀಲಿಲ್ಲ, ಮುಂದಕ್ಕೆ ಹಾಕ್ತು ಅಷ್ಟೇ. ಕೆಲವೇ ಗಂಟೆ ನೋಡಿ ಪ್ರಯೋಗ ಮುಗಿಸಿದ್ರೆ ಇದು ಕಾಣೋದೇ ಇಲ್ಲ.

ಇನ್ನೊಂದು ತರಲೆ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಫೈಬ್ರಿನೋಜೆನ್ ಅನ್ನೋ ಪ್ರೋಟೀನ್‌ದು. ಕೆಲವು ಚಿನ್ನದ ನ್ಯಾನೋ ಕಣಗಳ ಮೇಲೆ ಕೂತಾಗ ಅದರ ಮಡಚಿದ ಆಕಾರ ಬಿಚ್ಕೊಳ್ಳುತ್ತೆ, ಆಗ ಬಿಳಿ ರಕ್ತಕಣಗಳ ಮೇಲಿರೋ ರಿಸೆಪ್ಟರ್ ಅನ್ನೋ ಗ್ರಾಹಕ ಅದನ್ನ ಹಿಡಿದು ಉರಿಯೂತ ಶುರು ಮಾಡುತ್ತೆ, ಅಂದ್ರೆ ತಂಟೆ ಮಾಡಿದ್ದು ಕಣಕ್ಕಿಂತ ಹೆಚ್ಚಾಗಿ ಅಂಗಿನೇ. ಮಜಾ ಏನಂದ್ರೆ ಲ್ಯಾಬಲ್ಲಿ ಕೋಶ ಬೆಳೆಸೋಕೆ ಸಾಮಾನ್ಯವಾಗಿ ಹಾಕೋದು 10 ಪರ್ಸೆಂಟ್ ಕರುವಿನ ಸೀರಮ್, ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ಆ ದ್ರವದಲ್ಲಿ ಫೈಬ್ರಿನೋಜೆನ್ ಇರೋದೇ ಇಲ್ಲ ಅನ್ನಬಹುದು, ಹಂಗಾಗಿ ಈ ಉರಿಯೂತ ಅಲ್ಲಿ ಕಾಣಿಸ್ಕೊಳ್ಳೋದಾದ್ರೂ ಹೆಂಗೆ? ಯಾವುದೋ ನ್ಯಾನೋ ಕಣ ಸೇಫ್ ಅಂತ ವರದಿ ಓದಿದ್ರೆ ಯಾವ ಸೀರಮ್ ಹಾಕಿದ್ರು, ಎಷ್ಟು ಹಾಕಿದ್ರು, ಎಷ್ಟು ಗಂಟೆ ಬಿಟ್ಟು ನೋಡಿದ್ರು, ಇಷ್ಟನ್ನ ಮೊದ್ಲು ಹುಡುಕಿ.