ಮುರಕಲ್ಲಿನ ಗೋಡೆ ಮೇಲೆ 47 ಕೋಟಿ ವರ್ಷ

ಅರ್ಧ ಗೋಡೆ ಹಸಿರು, ಅರ್ಧ ಗೋಡೆ ಬೋಳು. ಕಾಣ್ತದಲ್ಲ? ಇದು ಮಂಗಳೂರು, ಕದ್ರಿ ಹತ್ತಿರದ ಒಂದು ಓಣಿ. ಮುರಕಲ್ಲಿನ, ಅಂದ್ರೆ ಜಂಬಿಟ್ಟಿಗೆ ಕಲ್ಲಿನ ಹಳೇ ಕಂಪೌಂಡು, ಆಟಿ ತಿಂಗಳ ಮಳೆ. ನಿನ್ನೆ ಸಂಜೆ ಬಂದು ಎಲ್ಲಿ ಕ್ಯಾಮೆರಾ ಇಡ್ಬೇಕು ಅಂತ ನೋಡಿ ಹೋಗಿದ್ದೆ, ಆಗ ಇಡೀ ಗೋಡೆ ಹಾವಸೆ ಇತ್ತು, ಮಾಸ್ ಅಂತಾರಲ್ಲ, ಆ ಪುಟ್ಟ ಹಸಿರು ಗಿಡ. ಬೆಳಿಗ್ಗೆ ಬಂದ್ರೆ ಪ್ರೆಷರ್ ವಾಶರ್‌ನ ಶಬ್ದ!

ಹಾವಸೆ ಚೂರು ಚೂರಾಗಿ ಹಾರಿ ಚರಂಡಿಗೆ ಬೀಳ್ತಾ ಇತ್ತು ಮಾರಾಯ್ರೆ. "ಅಣ್ಣ, ಸ್ವಲ್ಪ ನಿಲ್ಲಿಸ್ತೀರಾ?" ಕೇಳಿದೆ. "ಇದು ಮುಗಿಸಿ ಇನ್ನೊಂದು ಮನೆ ಉಂಟು, ಮತ್ತೆ ಬ್ಲೀಚಿಂಗ್ ಪೌಡರ್ ಬೇರೆ ಹಾಕ್ಲಿಕ್ಕುಂಟು" ಅಂದ್ರು. ಅವರದ್ದು ತಪ್ಪಿಲ್ಲ, ಕೂಲಿಗೆ ಬಂದವರು. ಅಷ್ಟೊತ್ತಿಗೆ ಕರೆಂಟ್ ಹೋಯ್ತು. ಈ ಅರ್ಧ ಉಳಿದದ್ದು ಹಾಗೆ. ನನಗೆ ನಿಜವಾಗಿ ಸಿಟ್ಟು ಬಂತು. ಗೋಡೆ ಹಸಿರಾದ್ರೆ ಯಾರಿಗೆ ಎಂತ ತೊಂದರೆ? ಹಾವಸೆಗೆ ಕಲ್ಲು ಸೀಳುವಂಥ ಬೇರುಗಳೇ ಇಲ್ಲ, ಕೂದಲಿನಂಥ ಎಳೆಯಲ್ಲಿ ಹಿಡ್ಕೊಂಡು ಕೂತ್ಕೊಳ್ತದೆ ಅಷ್ಟೆ. ಬ್ಲೀಚಿಂಗ್ ಹಾಕುದನ್ನೇ ನಿಲ್ಲಿಸ್ಬೇಕು.

ಇಲ್ಲ, ಈ ಮೆಟ್ಟಿಲು ನೋಡಿ. ಈಗಷ್ಟೇ ಒಬ್ಬರು ಅಜ್ಜಿ ಗೋಡೆ ಹಿಡ್ಕೊಂಡು ಇಳಿದ್ರು. ಮೆಟ್ಟಿಲಿಗೆ ಹಾಕ್ಲಿ, ಹಾಕ್ಲೇಬೇಕು. ಅಲ್ಲಿ ಕಾಲು ಜಾರಿಸುವ ಲೋಳೆ ಹೆಚ್ಚಾಗಿ ಪಾಚಿಯದ್ದು. ಗೋಡೆಯ ಹಾವಸೆಯನ್ನು ಬಿಡಿ.

ಕೆಳಗೆ, ಚರಂಡಿ ಬದಿಗೆ ಬರುವ. ಈ ಹಸಿರು ಪಾಚಿಯ ದೂರದ ನೆಂಟರೇ ಸಿಹಿನೀರಿನಿಂದ ನೆಲಕ್ಕೆ ಹತ್ತಿದ್ದು, ಸುಮಾರು 47 ಕೋಟಿ ವರ್ಷ ಹಿಂದೆ. ಮಲ್ಪೆಯಿಂದ ಬೋಟಲ್ಲಿ ಹೋಗಿ ನೋಡ್ತೇವಲ್ಲ, ಸೈಂಟ್ ಮೇರೀಸ್ ದ್ವೀಪದ ಕಂಬದ ಕಲ್ಲು, ಅದಕ್ಕೆ 8.8 ಕೋಟಿ ವರ್ಷ. ಗಿಡಗಳು ನೆಲಕ್ಕೆ ಬಂದ ಕಥೆ ಅದಕ್ಕಿಂತ ಐದು ಪಟ್ಟು ಹಳೆಯದು.

ನೀರಲ್ಲಿದ್ದಾಗ ಒಣಗುವ ಹೆದರಿಕೆ ಇಲ್ಲ, ಮೈಯನ್ನು ನೀರೇ ಎತ್ತಿ ಹಿಡೀತದೆ. ನೆಲದಲ್ಲಿ ಎರಡೂ ಇಲ್ಲ. ಹಾವಸೆ ಹುಡುಕಿದ ದಾರಿ ಎಂತ ಗೊತ್ತುಂಟಾ? ಒಣಗು, ಆದ್ರೆ ಸಾಯ್ಬೇಡ. ಇದು ಬೇಸಿಗೆಯಲ್ಲಿ ಶೂಟ್ ಮಾಡಿಟ್ಟದ್ದು, ಇದೇ ಗೋಡೆ, ಕಂದು ಬಣ್ಣಕ್ಕೆ ತಿರುಗಿ ಸುರುಟಿ ಹೋಗಿದೆ. ನೀರು ಚಿಮುಕಿಸಿದೆ... ಎಲೆ ಬಿಚ್ಚಿಕೊಳ್ಳುದು ನೋಡಿ! ಫಾಸ್ಟ್ ಫಾರ್ವರ್ಡ್ ಮಾಡ್ಲಿಲ್ಲ. ನನಗೆ ಇದು ಎಷ್ಟು ಸಲ ನೋಡಿದ್ರೂ ಸಾಕಾಗುದಿಲ್ಲ.

ಆದ್ರೆ ಅದಕ್ಕೆ ಒಂದು ಕಟ್ಟುಪಾಡು ಉಂಟು. ಹಾವಸೆಯ ಗಂಡು ಕಣಕ್ಕೆ ಎರಡು ಬಾಲ, ಅದು ಈಜಿಯೇ ಹೆಣ್ಣಿನ ಹತ್ತಿರ ಹೋಗ್ಬೇಕು. ನೀರಿನ ಪದರ ಇಲ್ಲದಿದ್ರೆ ಗಂಡು-ಹೆಣ್ಣು ಸೇರುದೇ ಇಲ್ಲ. ಇಲ್ಲಿ ಮಳೆಗಾಲದಲ್ಲಿ ಈ ಗೋಡೆಗೆ ಹಬ್ಬ ಅನ್ನುದು ಸುಮ್ಮನೆ ಅಲ್ಲ.

ಇದು ಕೆಸು. ಎಲೆ ಮೇಲೆ ನೀರು ಮಣಿಯಾಗಿ ಉರುಳ್ತದಲ್ಲ, ಅದು ಮೇಣದ ಪದರ. ನೆಲಕ್ಕೆ ಬಂದ ಗಿಡ ಒಳಗಿನ ನೀರು ಹೋಗದ ಹಾಗೆ ಮೈಗೆ ಮೇಣ ಹಚ್ಚಿಕೊಂಡಿತು. ಆಗ ಗಾಳಿಗೆ ದಾರಿ ಬೇಕಲ್ಲ? ಅದಕ್ಕೆ ಪತ್ರರಂಧ್ರ, ಎಲೆಯ ಸಣ್ಣ ಸಣ್ಣ ತೂತು. ಅದರ ಬದಿಯ ಎರಡು ಕೋಶ ನೀರು ಕುಡಿದು ಉಬ್ಬಿದ್ರೆ ಬಾಗಿಲು ತೆರೀತದೆ, ಸೊರಗಿದ್ರೆ ಮುಚ್ತದೆ. ಕೆಸು ಅಂದ ಮೇಲೆ ಪತ್ರೊಡೆ ನೆನಪಾಗದೆ ಇರ್ತದಾ? ಮಾರ್ಕೆಟಲ್ಲಿ ಎಲೆಯ ಸಣ್ಣ ಕಟ್ಟೊಂದಕ್ಕೆ 50 ರೂಪಾಯಿ ಹೇಳಿದ್ರು, ನಮ್ಮಮ್ಮ ತೋಟದ ಬದಿಯಿಂದ ಸುಮ್ಮನೆ ಕೊಯ್ದು ತರ್ತಿದ್ದದ್ದು. ಹುಣಸೆಹುಳಿ ಸಾಕಷ್ಟು ಹಾಕದಿದ್ರೆ ಗಂಟಲು ತುರಿಸ್ತದೆ, ಅದೂ ಗಿಡದ್ದೇ ಒಂದು ರಕ್ಷಣೆ, ಎಲೆಯೊಳಗೆ ಸೂಜಿಯಂಥ ಹರಳು... ಅಯ್ಯೋ, ಶಾಟ್ ಮುಗೀತಾ ಬಂತು.

ಜರೀಗಿಡ. ಇದು ಹಾವಸೆಗಿಂತ ಎತ್ತರ ನಿಂತದ್ದು ಒಳಗಿನ ಕೊಳವೆಗಳಿಂದ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಸೇರಿ ಗಟ್ಟಿಯಾದ ಗೋಡೆಯ ಕೊಳವೆ, ನೀರನ್ನೂ ಏರಿಸ್ತದೆ, ಮೈಯನ್ನೂ ನಿಲ್ಲಿಸ್ತದೆ. ಬೇರು ಬರುವ ಮೊದಲೇ ಗಿಡಕ್ಕೆ ಶಿಲೀಂಧ್ರದ ಸಹಾಯ ಸಿಕ್ಕಿತ್ತು. ಸ್ಕಾಟ್ಲೆಂಡಿನ ರೈನಿ ಊರಲ್ಲಿ ಸಿಕ್ಕಿದ 40 ಕೋಟಿ ವರ್ಷ ದಾಟಿದ ಪಳೆಯುಳಿಕೆಯಲ್ಲಿ, ನಿಜವಾದ ಬೇರು ಇಲ್ಲದ ಗಿಡದೊಳಗೇ ಶಿಲೀಂಧ್ರ ಕಾಣ್ತದೆ. ಅದೇ ಬಗೆಯ ಗೆಳೆತನ ಇವತ್ತು ನಮ್ಮ ಅಡಿಕೆ ಬೇರಲ್ಲೂ ಉಂಟು. ಇನ್ನು ಎಲೆ ಅಡಿಗೆ ಲೆನ್ಸ್ ಹಿಡೀತೇನೆ. ಈ ಕಂದು ಚುಕ್ಕೆಯೊಳಗೆ ಸಣ್ಣ ಸಣ್ಣ ಚೀಲ. ಬಿಸಿಲು ಬಿದ್ದು ಅಂಚಿನ ಕೋಶ ಒಣಗ್ತಾ ಚೀಲ ಹಿಂದಕ್ಕೆ ಬಾಗ್ತದೆ, ಬಾಗ್ತದೆ... ಟಪ್! ಬೀಜಕಗಳು, ಹೊಸ ಗಿಡ ಹುಟ್ಟಿಸುವ ಧೂಳಿನಂಥ ಕಣಗಳು, ಹಾರಿದವು. ಅಲ್ಲಿಂದ ಹುಟ್ಟುವ ಪುಟ್ಟ ಹೃದಯದಾಕಾರದ ಗಿಡದಲ್ಲಿ ಗಂಡು ಕಣ ಮತ್ತೆ ಈಜಲೇಬೇಕು.

ಈಜುವ ಕೆಲಸ ಬಿಟ್ಟದ್ದು ಇದು. ತೊಳೆದ ಭಾಗದ ಬಿರುಕಲ್ಲಿ, ನೋಡಿ, ಅಶ್ವತ್ಥದ ಸಸಿ. ಹೂ ಬಿಡುವ ಗಿಡಗಳು ಸುಮಾರು 13 ಕೋಟಿ ವರ್ಷದಿಂದ ಉಂಟು. ಪರಾಗ ಗಾಳಿಯಲ್ಲೋ ಕೀಟದ ಮೈಯಲ್ಲೋ ಹೋಗ್ತದೆ, ನೀರು ಬೇಡ. ಅಶ್ವತ್ಥಕ್ಕೆ ಒಂದು ಸಣ್ಣ ಕಣಜವೇ ಸಾಕ್ಷಾತ್ ಮದುವೆ ಮಾಡಿಸುವ ಪುರೋಹಿತ. ಬೀಜವನ್ನು ಇಲ್ಲಿಗೆ ತಂದದ್ದು ಯಾವುದೋ ಹಕ್ಕಿ.

ನನಗೆ ಬೇಸರ ಇಲ್ಲೇ. ಕಲ್ಲನ್ನು ಸೀಳದ ಹಾವಸೆಯನ್ನು ಕೆರೆದು ತೆಗೆದ್ರು, ನಾಳೆ ಗೋಡೆಯನ್ನೇ ಸೀಳುವ ಇದನ್ನು ಬಿಟ್ರು. ಮನೆಯ ಅಕ್ಕನ ಹತ್ತಿರ ಹೇಳಿದೆ. "ಅಶ್ವತ್ಥ ಕಡಿಯುದು ಬೇಡ, ಬೇರು ಸಮೇತ ತೆಗೆದು ಎಲ್ಲಾದ್ರೂ ನೆಡಿ" ಅಂದ್ರು, ಉಳಿದ ಅರ್ಧ ಗೋಡೆ ತೊಳೆಸುದಿಲ್ಲ ಅಂತಲೂ ಒಪ್ಪಿದ್ರು. ಸಸಿಗೆ ಗುರುಪುರ ಹೊಳೆ ಬದಿಯಲ್ಲಿ ಜಾಗ ನೋಡ್ತಾ ಇದ್ದೇನೆ. ನೆಟ್ಟದ್ದು ಮುಂದಿನ ವಿಡಿಯೋದಲ್ಲಿ ಹಾಕ್ತೇನೆ.