ಸಹ್ಯಾದ್ರಿಗೆ ಒಂದೇ ಮಗ್ಗುಲು

ಎಲ್ಲರಿಗೂ ನಮಸ್ಕಾರ. ಬೆಟ್ಟಗಳು ಹೇಗೆ ಏಳುತ್ತವೆ, ಹೇಗೆ ಬಿರಿಯುತ್ತವೆ, ಹೇಗೆ ಸವೆಯುತ್ತವೆ ಅನ್ನೋದು ಇವತ್ತಿನ ವಿಷಯ. ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಇಲ್ಲಿ ಕೂತವರಲ್ಲಿ ತುಂಬಾ ಜನ ಆಗುಂಬೆ ಘಾಟಿ ಹತ್ತಿರುತ್ತೀರಿ. ಸೋಮೇಶ್ವರ ಬಿಟ್ಟ ಮೇಲೆ ತಿರುವಿನ ಮೇಲೆ ತಿರುವು. ಕಿವಿ ಕಟ್ಟುತ್ತದೆ. ಮೇಲೆ ಬಂದು ನಿಂತಾಗ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುತ್ತೀರಿ. ಹತ್ತಿದ್ದಾಯಿತು, ಇನ್ನು ಇಳಿಯೋದು ಎಲ್ಲಿ? ತೀರ್ಥಹಳ್ಳಿ ಬರುತ್ತದೆ, ಶಿವಮೊಗ್ಗ ಬರುತ್ತದೆ, ತುಮಕೂರು ದಾಟಿ ಬೆಂಗಳೂರಿಗೇ ಹೋದರೂ ಆ ಕಡೆಗೆ ಇಳಿಯುವ ಘಾಟಿ ಅಂತ ಒಂದು ಸಿಗೋದೇ ಇಲ್ಲ. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ, ಅಂದರೆ ಆಗುಂಬೆಗಿಂತಲೂ ಮೇಲೆ.

ಬೆಟ್ಟದ ಸಾಲು ಅಂದರೆ ಈ ಕಡೆ ಹತ್ತಬೇಕು, ಆ ಕಡೆ ಇಳಿಯಬೇಕು ಅಲ್ವಾ? ಸಹ್ಯಾದ್ರಿಗೆ ಇರುವುದು ಒಂದೇ ಮಗ್ಗುಲು. ಪಶ್ಚಿಮಕ್ಕೆ ಗೋಡೆ, ಪೂರ್ವಕ್ಕೆ ನಿಧಾನವಾಗಿ ಇಳಿಯುತ್ತಾ ಹೋಗುವ ಎತ್ತರದ ನೆಲ. ತಪತಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ತನಕ ಸುಮಾರು 1,600 ಕಿಲೋಮೀಟರ್ ಉದ್ದದ ಈ ಸಾಲಿನಲ್ಲಿ ಬಹುಪಾಲು ಹೀಗೇ ಇದೆ. ಇದು ನಾವು ಶಾಲೆಯಲ್ಲಿ ಕಲಿತ ಅರ್ಥದ ಪರ್ವತವೇ ಅಲ್ಲ. ಎತ್ತರದ ನೆಲವೊಂದರ ಮುರಿದ ಅಂಚು. ನನಗೆ ಇದು ಹಿಮಾಲಯಕ್ಕಿಂತ ಜಾಸ್ತಿ ಅಚ್ಚರಿಯ ಸಂಗತಿ. ಆದರೆ ಇದು ಅರ್ಥ ಆಗಬೇಕಾದರೆ ಮೊದಲು ಹಿಮಾಲಯಕ್ಕೇ ಹೋಗಿ ಬರಬೇಕು.

ಹಿಮಾಲಯದ ಕತೆ ನಿಮಗೆ ಸ್ವಲ್ಪ ಗೊತ್ತಿದೆ. ದಕ್ಷಿಣದಿಂದ ಹೊರಟ ಭಾರತದ ಭೂಫಲಕ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಎರಡರ ನಡುವೆ ಟೆಥಿಸ್ ಅನ್ನೋ ಸಮುದ್ರ ಇತ್ತು. ಅದರ ತಳದ ಕೆಸರು, ಸುಣ್ಣಕಲ್ಲು ಎಲ್ಲ ನಡುವೆ ಸಿಕ್ಕಿಕೊಂಡು ಮೇಲೆದ್ದವು. ಎವರೆಸ್ಟಿನ ತುತ್ತತುದಿಯ ಕಲ್ಲು ಸಮುದ್ರದಲ್ಲಿ ಹುಟ್ಟಿದ ಸುಣ್ಣಕಲ್ಲು, ಅದರೊಳಗೆ 40 ಕೋಟಿ ವರ್ಷಕ್ಕೂ ಹಿಂದಿನ ಕಡಲಜೀವಿಗಳ ಚೂರುಗಳಿವೆ. 8,848.86 ಮೀಟರ್ ಎತ್ತರದಲ್ಲಿ ಸಮುದ್ರದ ತಳ!

ಭಾರತ ಇನ್ನೂ ನಿಂತಿಲ್ಲ. ವರ್ಷಕ್ಕೆ ಐದು ಸೆಂಟಿಮೀಟರಿನ ಆಸುಪಾಸು ಉತ್ತರಕ್ಕೆ ತಳ್ಳುತ್ತಲೇ ಇದೆ, ಅದರಲ್ಲಿ ಎರಡು ಸೆಂಟಿಮೀಟರಿನಷ್ಟು ಒತ್ತಡವನ್ನು ಹಿಮಾಲಯವೇ ನುಂಗಿಕೊಳ್ಳುತ್ತದೆ. ನುಂಗಿಕೊಳ್ಳೋದು ಹೇಗೆ? ಕಲ್ಲು ಸ್ವಲ್ಪ ದೂರ ಬಾಗುತ್ತದೆ, ಮಡಚುತ್ತದೆ, ಆಮೇಲೆ ಒಡೆಯುತ್ತದೆ. ಒಡೆದ ಜಾಗದಲ್ಲಿ ಒಂದು ಹಾಸು ಇನ್ನೊಂದರ ಮೇಲೆ ಜಾರಿ ಏರುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಸ್ತರಭಂಗ ಅಂತಾರೆ, ನಾನು ಸುಮ್ನೆ ಬಿರುಕು ಅಂತೀನಿ. ಹಿಮಾಲಯದ ಉದ್ದಕ್ಕೂ ಇಂಥ ದೊಡ್ಡ ಬಿರುಕುಗಳು ಒಂದರ ದಕ್ಷಿಣಕ್ಕೆ ಒಂದು ಹುಟ್ಟುತ್ತಾ ಬಂದಿವೆ.

ಬಿರುಕಿನ ಎರಡೂ ಕಡೆ ನೂರಾರು ವರ್ಷ ಕಚ್ಚಿ ಹಿಡಿದುಕೊಂಡಿರುತ್ತವೆ. ಆಮೇಲೆ ಒಂದು ದಿನ ಜಾರುತ್ತವೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆದದ್ದು ಅದೇ. ತೀವ್ರತೆ 7.8. ಒಂದೇ ನಿಮಿಷದೊಳಗೆ ಕಠ್ಮಂಡು ಸುತ್ತಲಿನ ನೆಲ ಸುಮಾರು ಒಂದು ಮೀಟರ್ ಮೇಲೆ ಬಂತು, ಅದರ ಉತ್ತರದ ಎತ್ತರದ ಹಿಮಶಿಖರಗಳ ಕಡೆ ನೆಲ ಸ್ವಲ್ಪ ಕೆಳಗೇ ಇಳಿಯಿತು. ಬೆಟ್ಟ ಸಸಿಯ ಥರ ದಿನದಿನಕ್ಕೂ ಬೆಳೆಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಿಜದಲ್ಲಿ ಅದು ಒಮ್ಮೆ ಏರಿ, ಒಮ್ಮೆ ಕುಸಿದು, ನಡುವೆ ತುಂಬಾ ಕಾಲ ಸುಮ್ಮನಿದ್ದು ಎತ್ತರ ಆಗುತ್ತದೆ. ಆ ಒಂದು ನಿಮಿಷದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು ಅನ್ನೋದನ್ನು ಮರೆತು ಈ ಲೆಕ್ಕ ಹೇಳೋದಕ್ಕೆ ನನಗೆ ಮನಸ್ಸಾಗೋದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಇಷ್ಟು ಭಾರದ ಬೆಟ್ಟ ನಿಂತಿರೋದು ಯಾವುದರ ಮೇಲೆ?

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ದೇಶದ ಸರ್ವೆಯಿಂದ. 1800ರಲ್ಲಿ ಲ್ಯಾಂಬ್ಟನ್ ಅನ್ನುವ ಬ್ರಿಟಿಷ್ ಅಧಿಕಾರಿ ಬೆಂಗಳೂರಿನ ಬಯಲಲ್ಲಿ ಸರಪಳಿ ಹಿಡಿದು ಒಂದು ನೇರ ಗೆರೆ ಅಳೆದ. ಅಲ್ಲಿಂದ ಬೆಳೆದ ಕೆಲಸವೇ ಇಡೀ ಭಾರತದ ತ್ರಿಕೋನ ಸರ್ವೆ. ಅವನ ನಂತರ ಜಾರ್ಜ್ ಎವರೆಸ್ಟ್ ಅನ್ನುವ ಅಧಿಕಾರಿ ಅದನ್ನು ಉತ್ತರಕ್ಕೆ ಒಯ್ದ. ಮಧ್ಯಪ್ರದೇಶದ ಕಲ್ಯಾಣಪುರದಿಂದ ಉತ್ತರದ ಕಲಿಯಾನಾವರೆಗೆ ಸುಮಾರು 600 ಕಿಲೋಮೀಟರ್. ಈ ದೂರವನ್ನು ನೆಲದ ಮೇಲೆ ಅಳೆದರೆ ಒಂದು ಲೆಕ್ಕ ಬಂತು, ನಕ್ಷತ್ರ ನೋಡಿ ಲೆಕ್ಕ ಹಾಕಿದರೆ ಇನ್ನೊಂದು ಬಂತು. ವ್ಯತ್ಯಾಸ ಬರೀ 5.24 ಸೆಕೆಂಡ್ ಕೋನ (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಸೆಕೆಂಡ್), ನೆಲದ ಮೇಲೆ ಸುಮಾರು 160 ಮೀಟರ್.

ಕಲ್ಕತ್ತೆಯಲ್ಲಿ ಪ್ರ್ಯಾಟ್ ಅಂತ ಒಬ್ಬ ಪಾದ್ರಿ ಇದ್ದ, ಒಳ್ಳೆಯ ಗಣಿತಜ್ಞ. ನಕ್ಷತ್ರ ನೋಡುವಾಗ ನೇರ ಕೆಳಗಿನ ದಿಕ್ಕು ಯಾವುದು ಅಂತ ತಿಳಿಯೋದಕ್ಕೆ ದಾರಕ್ಕೆ ಕಟ್ಟಿ ಇಳಿಬಿಟ್ಟ ಗುಂಡನ್ನು ನಂಬಬೇಕು. ಹಿಮಾಲಯದ ಅಷ್ಟು ದೊಡ್ಡ ರಾಶಿ ಪಕ್ಕದಲ್ಲಿದ್ದರೆ ಅದು ಗುಂಡನ್ನು ತನ್ನ ಕಡೆ ಎಳೆಯುತ್ತದೆ. ಎಷ್ಟು ಎಳೆಯಬೇಕು ಅಂತ ಪ್ರ್ಯಾಟ್ ಲೆಕ್ಕ ಹಾಕಿದ. ಸುಮಾರು 15.9 ಸೆಕೆಂಡ್ ಬಂತು. ನಿಜವಾಗಿ ಎಳೆದದ್ದು ಅದರ ಮೂರನೇ ಒಂದು ಪಾಲು ಮಾತ್ರ. ಹಾಗಾದರೆ ಬೆಟ್ಟದ ಉಳಿದ ತೂಕ ಎಲ್ಲಿ ಹೋಯಿತು?

1855ರಲ್ಲಿ ಇಂಗ್ಲೆಂಡಿನ ಏರಿ ಅನ್ನುವ ಖಗೋಳಜ್ಞ ಉತ್ತರ ಕೊಟ್ಟ. ಬೆಟ್ಟಕ್ಕೆ ಕೆಳಗೆ ಆಳವಾದ ಬೇರಿದೆ. ಹಗುರ ಕಲ್ಲಿನ ಆ ಬೇರು ಕೆಳಗಿನ ಭಾರದ ಕಲ್ಲಿನೊಳಗೆ ಮುಳುಗಿದೆ, ಭಾರ ಇರಬೇಕಾದ ಆಳದಲ್ಲಿ ಹಗುರವಾದದ್ದು ಇರೋದರಿಂದ ಎಳೆತ ಕಡಿಮೆ. ಈಗ ನಮಗೆ ಗೊತ್ತಿದೆ: ನಮ್ಮ ಕರ್ನಾಟಕದ ಕೆಳಗೆ ಭೂಮಿಯ ಹೊರಪದರದ ದಪ್ಪ ಹೆಚ್ಚಿನ ಕಡೆ 35ರಿಂದ 50 ಕಿಲೋಮೀಟರ್, ಟಿಬೆಟ್ಟಿನ ಕೆಳಗೆ ಸುಮಾರು 70.

ನಮ್ಮ ನದಿ ಬಾಯಿಗಳಲ್ಲಿ ಮರಳು ತುಂಬಿದ ದೋಣಿ ನೋಡಿದ್ದೀರಲ್ಲ. ಅಂಚಿನವರೆಗೆ ಮುಳುಗಿರುತ್ತದೆ. ಮರಳು ಇಳಿಸುತ್ತಾ ಹೋದ ಹಾಗೆ ದೋಣಿ ಮೇಲೆ ಬರುತ್ತದೆ. ಬೆಟ್ಟದ ಲೆಕ್ಕವೂ ಅಷ್ಟೇ. ಒಂದು ವಿಶಾಲ ಪ್ರದೇಶದಿಂದ ಮಳೆ ಮತ್ತು ಹೊಳೆ ಸೇರಿ 100 ಮೀಟರ್ ಕಲ್ಲು ಕೊಚ್ಚಿಕೊಂಡು ಹೋದರೆ ನೆಲ 100 ಮೀಟರ್ ತಗ್ಗುವುದಿಲ್ಲ. ಹಗುರಾದ ನೆಲ ಕೆಳಗಿನಿಂದ 80 ಮೀಟರಿಗೂ ಜಾಸ್ತಿ ಮೇಲೆ ಬರುತ್ತದೆ. ತಗ್ಗುವುದು ಇಪ್ಪತ್ತಕ್ಕಿಂತ ಕಡಿಮೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯೋಚನೆ ಮಾಡಿ. ಹೊಳೆ ಕೊರೆಯೋದು ಕಣಿವೆಯನ್ನು, ಶಿಖರವನ್ನಲ್ಲ. ಕಣಿವೆಯ ಕಲ್ಲು ಹೋಗಿ ಇಡೀ ನೆಲ ಮೇಲೆ ಬಂದಾಗ ಶಿಖರ ಮೊದಲಿಗಿಂತ ಎತ್ತರ ಆಗುತ್ತದೆ! ಸವೆತ ಬೆಟ್ಟವನ್ನು ಕೊಲ್ಲುತ್ತದೆ ಅಂತ ನಾವೆಲ್ಲ ಕಲಿತಿದ್ದೇವೆ. ಸವೆತವೇ ಬೆಟ್ಟವನ್ನು ಎತ್ತುತ್ತದೆ ಕೂಡ.

2024ರಲ್ಲಿ ಬಂದ ಒಂದು ಅಧ್ಯಯನ ಎವರೆಸ್ಟಿಗೇ ಈ ಲೆಕ್ಕ ಹಾಕಿತು. ಸುಮಾರು 89,000 ವರ್ಷಗಳ ಹಿಂದೆ ಅರುಣ್ ಅನ್ನುವ ನದಿ ಉತ್ತರದ ಕಡೆಯ ಇನ್ನೊಂದು ನದಿಯನ್ನು ತನ್ನ ಕಡೆಗೆ ಸೆಳೆದುಕೊಂಡಿತು. ನೀರು ಹೆಚ್ಚಾಯಿತು, ಕೊರೆತ ಹೆಚ್ಚಾಯಿತು, ಭಾರ ಇಳಿಯಿತು. ಅದರಿಂದಲೇ ಎವರೆಸ್ಟ್ 15ರಿಂದ 50 ಮೀಟರಿನಷ್ಟು ಮೇಲೆ ಬಂದಿರಬೇಕು ಅಂತ ಅವರ ಅಂದಾಜು. ನದಿಗಳು ಹೊತ್ತೊಯ್ದ ಹಿಮಾಲಯ ಬಂಗಾಳಕೊಲ್ಲಿಯ ತಳದಲ್ಲಿ ಸುಮಾರು 3,000 ಕಿಲೋಮೀಟರ್ ಉದ್ದಕ್ಕೆ ಹರಡಿ ಬಿದ್ದಿದೆ, ಕೆಲವು ಕಡೆ ಹದಿನಾರು ಕಿಲೋಮೀಟರ್ ದಪ್ಪ.

ಇಷ್ಟು ಇಟ್ಟುಕೊಂಡು ಸಹ್ಯಾದ್ರಿಗೆ ಬರೋಣ.

ಇಲ್ಲಿ ಡಿಕ್ಕಿ ಆಗಿಲ್ಲ, ಆದದ್ದು ಬೇರ್ಪಡೆ. ಮಡಗಾಸ್ಕರ್ ಒಂದು ಕಾಲಕ್ಕೆ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಅದರ ಪೂರ್ವದ ಅಂಚಿನಲ್ಲಿ ನಮ್ಮ ಕಡೆಯಂಥದ್ದೇ 300 ಕೋಟಿ ವರ್ಷ ಹಳೆಯ ಕಲ್ಲಿದೆ. 9 ಕೋಟಿ ವರ್ಷಗಳ ಹಿಂದಿನ ಆಸುಪಾಸಿನಲ್ಲಿ ಎರಡೂ ಬೇರೆಯಾದವು. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪ ನೋಡಿದವರು ಅಲ್ಲಿನ ಕಂಬದಂಥ ಕಲ್ಲುಗಳ ಮುಂದೆ ಫೋಟೋ ತೆಗೆಸಿಕೊಂಡಿರುತ್ತೀರಿ. ಆ ಬೇರ್ಪಡೆಯ ಹೊತ್ತಿಗೆ ಉಕ್ಕಿದ ಲಾವಾ ಅದು. ಮುಂದಿನ ಸಲ ಹೋದಾಗ ಪಶ್ಚಿಮಕ್ಕೆ ಮುಖ ಮಾಡಿ ನಿಂತು, ಇಲ್ಲಿ ಸಮುದ್ರ ಇರಲಿಲ್ಲ, ನೆಲ ಹೀಗೇ ಮುಂದುವರಿದಿತ್ತು ಅಂತ ಒಂದು ಸಲ ಯೋಚಿಸಿ ನೋಡಿ.

ನೆಲ ಹರಿದಾಗ ಅಂಚು ಬಿರುಕುಬಿಟ್ಟಿತು. ಬಿರುಕಿನ ಪಶ್ಚಿಮದ ಭಾಗ ಕೆಳಗೆ ಜಾರಿ ಸಮುದ್ರಕ್ಕೆ ಹೋಯಿತು, ಪೂರ್ವದ ಭಾಗ ಎತ್ತರದಲ್ಲಿ ಉಳಿಯಿತು. ಆಗ ಗೋಡೆ ಇದ್ದದ್ದು ಈಗಿನ ಜಾಗದಲ್ಲಲ್ಲ, ಇನ್ನೂ ಪಶ್ಚಿಮಕ್ಕೆ. ಗೋಡೆಯ ಬುಡದಿಂದ ಹುಟ್ಟಿದ ಗಿಡ್ಡ, ಚುರುಕಿನ ಹೊಳೆಗಳು ಅದನ್ನು ಕೊರೆದು ಕೊರೆದು ಪೂರ್ವಕ್ಕೆ ಸರಿಸಿದವು. ಕೊರೆದ ಕಲ್ಲು ಅರಬ್ಬೀ ಸಮುದ್ರದ ತಳ ಸೇರಿತು. ನೆಲ ಹಗುರಾಯಿತು, ಕಡಲತಳ ಭಾರವಾಯಿತು, ಅಂಚು ಮೇಲಕ್ಕೆ ಬಾಗಿತು. ಗೋಡೆ ಹಿಂದೆ ಸರಿದರೂ ಎತ್ತರ ಕಳೆದುಕೊಳ್ಳಲಿಲ್ಲ. ನಮ್ಮ ಕರಾವಳಿಯ ಪಟ್ಟಿ ಅಂದರೆ ಸಹ್ಯಾದ್ರಿ ಹಿಂದೆ ಸರಿದು ಬಿಟ್ಟುಕೊಟ್ಟ ಜಾಗ.

ಆಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಲಾವಾ ಬಂದು ಮಹಾರಾಷ್ಟ್ರದ ಕಡೆಯೆಲ್ಲ ಮುಚ್ಚಿತು. ಹಾಗಾಗಿ ಉತ್ತರದಲ್ಲಿ ಘಟ್ಟ ಎಂದರೆ ಆ ಲಾವಾ ತಣಿದು ಆದ ಬಸಾಲ್ಟ್ ಕಲ್ಲಿನ ಮೆಟ್ಟಿಲು. ಬೆಳಗಾವಿ ದಾಟಿ ದಕ್ಷಿಣಕ್ಕೆ ಬಂದರೆ ಬಸಾಲ್ಟ್ ಮುಗಿದು ಅದಕ್ಕಿಂತ ನಲವತ್ತು ಪಟ್ಟು ಹಳೆಯ ಕಲ್ಲು ಶುರುವಾಗುತ್ತದೆ. ಕಲ್ಲು ಬದಲಾದರೂ ಗೋಡೆ ಮಾತ್ರ ನಿಲ್ಲದೆ ಮುಂದುವರಿಯುತ್ತದೆ. ಅಂದರೆ ಗೋಡೆಯನ್ನು ಮಾಡಿದ್ದು ಕಲ್ಲಿನ ಜಾತಿ ಅಲ್ಲ, ಖಂಡದ ಅಂಚು.

ನದಿಗಳನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕೃಷ್ಣೆ ಹುಟ್ಟೋದು ಅರಬ್ಬೀ ಸಮುದ್ರದಿಂದ ಬರೀ 65 ಕಿಲೋಮೀಟರ್ ಆಚೆ, ಸೇರೋದು 1,400 ಕಿಲೋಮೀಟರ್ ನಡೆದು ಬಂಗಾಳಕೊಲ್ಲಿಗೆ. ಕಾವೇರಿ, ತುಂಗೆ, ಭದ್ರೆ ಎಲ್ಲರದ್ದೂ ಅದೇ ದಾರಿ. ಸಾಗರದ ಹತ್ತಿರ ಘಟ್ಟದ ಅಂಚಿಗೆ ಅಷ್ಟು ಸಮೀಪ ಹುಟ್ಟುವ ವರದಾ ಕೂಡ ಪೂರ್ವಕ್ಕೇ ಹೋಗುತ್ತಾಳೆ. ಆದರೆ ಬೇಡ್ತಿಯನ್ನು ನೋಡಿ. ಅದರ ನೀರು ಶುರುವಾಗೋದು ಧಾರವಾಡದ ಬಯಲಿನಲ್ಲಿ, ಸಮುದ್ರದಿಂದ ವರದೆಗಿಂತಲೂ ದೂರದಲ್ಲಿ. ಆದರೂ ಅದು ಪಶ್ಚಿಮಕ್ಕೆ ತಿರುಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅಂತ ಹೆಸರು ಹೊತ್ತು ಸಮುದ್ರ ಸೇರುತ್ತದೆ. ಪಶ್ಚಿಮದ ಹೊಳೆ ಹಿಂದಕ್ಕೆ ಕೊರೆಯುತ್ತಾ ಘಟ್ಟದ ಮೇಲಿನ ನೀರನ್ನು ತನ್ನ ಕಡೆ ಎಳೆದುಕೊಂಡರೆ ಆಗೋದು ಹೀಗೇ. ಉತ್ತರ ಕನ್ನಡದಲ್ಲಿ ಘಟ್ಟದ ಗೋಡೆ ಅಷ್ಟು ತುಂಡುತುಂಡಾಗಿ ಕಾಣೋದು ಇಂಥ ಹೊಳೆಗಳಿಂದ.

ಈ ಕೊರೆತ ಈಗಲೂ ಅದೇ ವೇಗದಲ್ಲಿದೆಯಾ? ಇಲ್ಲ. ನಮ್ಮ ಮುರಕಲ್ಲಿನ ಹಾಸುಗಳೊಳಗಿನ ಮ್ಯಾಂಗನೀಸ್ ಖನಿಜದ ವಯಸ್ಸು ಅಳೆದವರು ಹೇಳೋದೇನೆಂದರೆ, ನಾಲ್ಕೂವರೆ ಕೋಟಿ ವರ್ಷಗಳ ಹಿಂದೆಯೇ ಘಟ್ಟದ ಕೆಳಗಿನ ನೆಲವೂ ಹೆಚ್ಚುಕಡಿಮೆ ಈಗಿನ ಹಾಗೆ ಸಿದ್ಧವಾಗಿತ್ತು. ದೊಡ್ಡ ಕೆಲಸ ಅಷ್ಟರಲ್ಲೇ ಮುಗಿದಿತ್ತು. ಈಗ ಮೇಲಿನ ಪ್ರಸ್ಥಭೂಮಿ ಹತ್ತು ಲಕ್ಷ ವರ್ಷಕ್ಕೆ ಹತ್ತು ಮೀಟರಿನ ಆಸುಪಾಸು ಸವೆಯುತ್ತದೆ. ಗೋಡೆಯ ಮುಖದಲ್ಲಿ ಅದರ ಹಲವು ಪಟ್ಟು. ಹಿಮಾಲಯದ ಎತ್ತರದ ಕಣಿವೆಗಳಲ್ಲಿ ಇದೇ ಅವಧಿಗೆ ಸಾವಿರ ಮೀಟರಿಗೂ ಜಾಸ್ತಿ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿದರೂ ಆಗುಂಬೆ ಉಳಿದಿರೋದಕ್ಕೆ ಗಟ್ಟಿ ಹಳೇ ಕಲ್ಲು ಒಂದು ಕಾರಣ, ಮೇಲಿನ ಕಾಡು ಇನ್ನೊಂದು. ಕುದುರೆಮುಖ, ಬಾಬಾಬುಡನ್‌ಗಿರಿಗಳಲ್ಲಂತೂ ಕಬ್ಬಿಣದ ಅದಿರಿನ ಗಟ್ಟಿ ಪಟ್ಟಿಗಳಿವೆ. ಸುತ್ತಲಿನ ಮೆತ್ತಗಿನ ಕಲ್ಲು ಸವೆದುಹೋಯಿತು, ಇವು ನಿಂತವು. ಅವನ್ನು ಯಾರೂ ಎತ್ತಿ ನಿಲ್ಲಿಸಿದ್ದಲ್ಲ, ಉಳಿದುಕೊಂಡಿರೋದು.

ಹಳೇ ನೆಲ ಅಂದರೆ ಅಲ್ಲಾಡದ ನೆಲ ಅಂತ ಮಾತ್ರ ತಿಳಿಯಬೇಡಿ. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದಲ್ಲಿ ಘಟ್ಟದ ಅಂಚಿನ ಕೊಯ್ನಾದಲ್ಲಿ ಆರಕ್ಕೂ ಮೀರಿದ ತೀವ್ರತೆಯ ಭೂಕಂಪ ಆಯಿತು. ಕೆಲವೇ ವರ್ಷಗಳ ಹಿಂದೆ ತುಂಬಿಸಿದ್ದ ಜಲಾಶಯದ ನೀರು ಹಳೆಯ ಬಿರುಕನ್ನು ಕೆಣಕಿತ್ತು.

ಭೂಕಂಪಕ್ಕಿಂತ ನನ್ನನ್ನು ಕಾಡುವುದು ಗುಡ್ಡ ಕುಸಿತ. 2018ರಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಅದೇ ತಿಂಗಳ 30ರಂದು ವಯನಾಡು. ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನು ದಾಟಿ ಬಿದ್ದದ್ದು, ಆಗಲೇ ಹೇಳಿದ ಆ ಗಂಗಾವಳಿಗೇ. ಕುಸಿತವೂ ಸವೆತವೇ, ಘಟ್ಟದ ಮುಖ ಹಿಂದೆ ಸರಿಯೋದು ಹೀಗೂ ಹೌದು. ಹಾಗಂತ ಎಲ್ಲವನ್ನೂ ಪ್ರಕೃತಿಯ ತಲೆಗೆ ಕಟ್ಟೋದು ಸರಿಯಲ್ಲ. ನಮ್ಮ ಘಟ್ಟದಲ್ಲಿ ಗಟ್ಟಿ ಕಲ್ಲಿನ ಮೇಲೆ ಹತ್ತಾರು ಮೀಟರ್ ದಪ್ಪಕ್ಕೆ ಕೊಳೆತ ಕಲ್ಲು, ಜೇಡಿ, ಮಣ್ಣು ಕೂತಿರುತ್ತದೆ. ಒಂದೇ ಸಮ ಮಳೆ ಹೊಡೆದು ನೀರು ಆ ಎರಡರ ನಡುವೆ ತುಂಬಿಕೊಂಡರೆ ಮೇಲಿನದು ತೇಲಿದ ಹಾಗಾಗುತ್ತದೆ. ಅದರ ಬುಡವನ್ನು ರಸ್ತೆಗಾಗಿ, ಮನೆಗಾಗಿ, ರೆಸಾರ್ಟಿಗಾಗಿ ನೆಟ್ಟಗೆ ಕಡಿದಿದ್ದರೆ ಅದು ಹಿಡಿದುಕೊಳ್ಳೋದು ಯಾವುದನ್ನು? ಗುಡ್ಡವನ್ನು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಒಳಗಿನ ನೀರು ಹೊರಗೆ ಬರಲು ದಾರಿ ಬಿಡಬೇಕು. ಹಣ ಜಾಸ್ತಿ ಬೇಕು, ಜಾಗವೂ ಜಾಸ್ತಿ ಬೇಕು. ಆ ಹಣ, ಆ ಜಾಗ ಉಳಿಸೋದಕ್ಕೆ ಹೋದ ಕಡೆ ಜನ ಸಾಯುತ್ತಿದ್ದಾರೆ ಅನ್ನೋದು ನನ್ನ ಸ್ಪಷ್ಟ ಅಭಿಪ್ರಾಯ.

ಘಟ್ಟದ ಬುಡದಲ್ಲಿ ಮನೆ ಇರುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಗುಡ್ಡದ ನೆತ್ತಿಯಲ್ಲಿ ಹೊಸ ಸೀಳು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ, ತಿಳಿ ನೀರು ಬರುತ್ತಿದ್ದ ಒರತೆಯಲ್ಲಿ ಕೆಂಪು ನೀರು ಬಂದರೆ, ಅಥವಾ ಅದು ಇದ್ದಕ್ಕಿದ್ದಂತೆ ನಿಂತರೆ, ಬೆಳಗಾಗಲಿ ನೋಡೋಣ ಅಂತ ಕಾಯಬೇಡಿ. ಮನೆಯವರನ್ನೂ ದನಕರುಗಳನ್ನೂ ಕರೆದುಕೊಂಡು ಹೊರಡಿ, ಪಕ್ಕದ ಮನೆಯವರನ್ನೂ ಎಬ್ಬಿಸಿ, ತಾಲ್ಲೂಕು ಕಚೇರಿಗೆ ಫೋನು ದಾರಿಯಲ್ಲಿ ಮಾಡಿದರಾಯಿತು.