ಒಬ್ಬನೇ ಮನುಷ್ಯ, ಹಲವು ಗುಂಡಿ: ಸ್ರೆಬ್ರೆನಿಟ್ಸಾದ ಮೂಳೆಗಳಿಗೆ ಹೆಸರು ಸಿಕ್ಕಿದ್ದು ಹೇಗೆ?

[ಪರದೆಯಲ್ಲಿ: ಬೋಸ್ನಿಯಾದ ನಕ್ಷೆ, ಪೂರ್ವ ಗಡಿಯ ಬಳಿ ಸ್ರೆಬ್ರೆನಿಟ್ಸಾ]

1995ರ ಜುಲೈನಲ್ಲಿ, ಬೋಸ್ನಿಯಾ ಯುದ್ಧದ ವೇಳೆ, ಈ ಪಟ್ಟಣವನ್ನು ವಶಪಡಿಸಿಕೊಂಡ ಬೋಸ್ನಿಯಾದ ಸರ್ಬ್ ಪಡೆಗಳು ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದವು. ಶವಗಳನ್ನು ಸಾಮೂಹಿಕ ಗುಂಡಿಗಳಿಗೆ ತಳ್ಳಿದವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಗುಟ್ಟು ರಟ್ಟಾಗುವ ಭಯ ಹತ್ತಿತು. ಅದೇ ಗುಂಡಿಗಳನ್ನು ಯಂತ್ರಗಳಿಂದ ಬಗೆದು, ಕೊಳೆತ ದೇಹಗಳನ್ನು ಲಾರಿಗೆ ತುಂಬಿ, ದೂರದ ಹಳ್ಳಿಗಾಡಿನಲ್ಲಿ ಮತ್ತೆ ಹೂತರು. ಯಂತ್ರದ ಹಲ್ಲಿಗೆ ಸಿಕ್ಕ ದೇಹ ಇಡಿಯಾಗಿ ಉಳಿಯುತ್ತದೆಯೇ? ತಲೆಬುರುಡೆ ಒಂದು ಗುಂಡಿಯಲ್ಲಿ, ತೊಡೆಯ ಮೂಳೆ ಇನ್ನೆಲ್ಲೋ.

[ಪರದೆಯಲ್ಲಿ: ಹಸಿರು ಗಾಜಿನ ಚೂರುಗಳು]

ಈ ಗಾಜನ್ನು ನೋಡಿ. ಕೊಜ್ಲುಕ್ ಎಂಬ ಊರಿನಲ್ಲಿ ಜನರನ್ನು ಕೊಂದದ್ದು ಬಾಟಲಿ ತುಂಬುವ ಕಾರ್ಖಾನೆಯವರು ಒಡೆದ ಗಾಜು ಸುರಿಯುತ್ತಿದ್ದ ಜಾಗದಲ್ಲಿ. ಅದೇ ಹಸಿರು ಗಾಜು, ಶವಗಳನ್ನು ಮತ್ತೆ ಹೂತಿದ್ದ ಚಾಂಚಾರಿ ರಸ್ತೆಯ ಗುಂಡಿಯೊಂದರಲ್ಲಿ ಮೂಳೆಗಳ ಜೊತೆ ಸಿಕ್ಕಿತು. ಮುಚ್ಚಿಡಲು ಹೋದವರೇ ಸಾಕ್ಷ್ಯವನ್ನು ಹೊತ್ತು ತಂದಿದ್ದರು!

ಇನ್ನು ಗುರುತಿನ ವಿಷಯ. ಮೊದಮೊದಲು ಬಟ್ಟೆಬರೆಯ ಫೋಟೋಗಳನ್ನು ಮನೆಯವರಿಗೆ ತೋರಿಸುತ್ತಿದ್ದರು. ಅದರಿಂದ ಗುರುತು ಸಿಕ್ಕವರು ಕಡಿಮೆ. 2001ರಿಂದ ನಾಪತ್ತೆಯಾದವರ ಅಂತರರಾಷ್ಟ್ರೀಯ ಆಯೋಗ ಬಂಧುಗಳ ಬೆರಳ ತುದಿಯ ರಕ್ತವನ್ನು ಮೂಳೆಯ ಡಿಎನ್‌ಎ ಜೊತೆ ತಾಳೆ ನೋಡತೊಡಗಿದ ಮೇಲೆ ಕೆಲಸಕ್ಕೆ ವೇಗ ಬಂತು. ಸುಮಾರು ಏಳು ಸಾವಿರ ಮಂದಿಯ ಗುರುತು ಪತ್ತೆಯಾಯಿತು. ಆದರೆ ಮಕ್ಕಳಿಲ್ಲದ ಇಬ್ಬರು ಅಣ್ಣತಮ್ಮಂದಿರು ಸತ್ತಿದ್ದರೆ? ತಾಯಿಯ ರಕ್ತ ‘ಇವನು ನಿನ್ನ ಮಗ’ ಎಂದಷ್ಟೇ ಹೇಳುತ್ತದೆ. ದೊಡ್ಡವನೋ ಚಿಕ್ಕವನೋ ತಿಳಿಯಲು ಹಲ್ಲು ನೋಡಬೇಕು, ಮೂಳೆಯ ಬೆಳವಣಿಗೆ ನೋಡಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದದ್ದು ಪ್ರಯೋಗಾಲಯದ ಆಚೆಗಿದೆ. ಸಿಕ್ಕಿರುವುದು ದವಡೆ, ಎರಡು ಪಕ್ಕೆಲುಬು ಎಂದಿಟ್ಟುಕೊಳ್ಳಿ. ಈಗಲೇ ಮಣ್ಣು ಮಾಡಬೇಕೇ, ಉಳಿದದ್ದಕ್ಕೆ ಕಾಯಬೇಕೇ? ಮುಂದೆ ಇನ್ನಷ್ಟು ಮೂಳೆ ಸಿಕ್ಕರೆ ಪ್ರತಿ ಸಲವೂ ತಿಳಿಸಬೇಕೇ, ಬೇಡವೇ? ಮನೆಯವರೇ ತೀರ್ಮಾನಿಸಿ ಸಹಿ ಹಾಕಬೇಕು. ಯಾವ ಉತ್ತರ ಕೊಟ್ಟರೂ ಸಂಕಟವೇ. ಸ್ರೆಬ್ರೆನಿಟ್ಸಾದ ಬಳಿಯ ಪೊಟೊಚಾರಿಯ ಖಬರಸ್ತಾನದಲ್ಲಿ ಪ್ರತಿವರ್ಷ ಜುಲೈ 11ರಂದು ದಫನ ನಡೆಯುತ್ತದೆ. ಮುಚ್ಚಿದ ಗೋರಿಯನ್ನು ಮತ್ತೆ ತೆರೆದು, ಆಮೇಲೆ ಸಿಕ್ಕ ಮೂಳೆ ಸೇರಿಸಿದ್ದೂ ಉಂಟು.

2025ರಲ್ಲಿ ಅಲ್ಲಿ ಮಣ್ಣಾದವರು ಏಳು ಮಂದಿ. ಸುಮಾರು ಸಾವಿರ ಜನ ಇನ್ನೂ ಸಿಕ್ಕಿಲ್ಲ. ಕಾದು ಕಾದು ಎಷ್ಟೋ ತಾಯಂದಿರು ತೀರಿಕೊಂಡಿದ್ದಾರೆ. ಇಲ್ಲಿ ಕೊರತೆ ವಿಜ್ಞಾನದ್ದಲ್ಲ. ಆ ಲಾರಿಗಳನ್ನು ಓಡಿಸಿದವರಿಗೆ, ಯಂತ್ರ ನಡೆಸಿದವರಿಗೆ ಜಾಗ ಗೊತ್ತು. ಅವರಲ್ಲಿ ಹೆಚ್ಚಿನವರು ಬಾಯಿ ಬಿಟ್ಟಿಲ್ಲ.